ಕಸದ ಟ್ರ್ಯಾಕ್ಟರಿಗೆ ಅಡ್ಡ ನಿಂತಾಗ

ನಾನು ಓಡಿ ಹೋಗುವಷ್ಟರಲ್ಲಿ ಅರ್ಧ ಕಸ ಹಳ್ಳಕ್ಕೆ ಬಿದ್ದಾಗಿತ್ತು. ಆಗಷ್ಟೇ ಶುರುವಾಗಿದ್ದ ಹೋಂಸ್ಟೇಗಳ ಬಾಟಲಿ, ಪ್ಲಾಸ್ಟಿಕ್ ತಟ್ಟೆ, ಕೋಳಿಪುಕ್ಕವೆಲ್ಲ ನೀರಿನಲ್ಲಿ ತೇಲುತ್ತಿದ್ದವು. ಕಳಸದ ರಸ್ತೆಯಂಚಿನ ನಮ್ಮ ಮನೆಗಳವರು ಕುಡಿಯುವುದು ಅದೇ ನೀರನ್ನು. ಸುರಿಯುತ್ತಿದ್ದುದು ನಮ್ಮದೇ ಪಂಚಾಯ್ತಿಯ ಟ್ರ್ಯಾಕ್ಟರ್! ಊರು ಚೊಕ್ಕಟವಾಗಿರಲೆಂದು ಸರ್ಕಾರ ಕೊಟ್ಟಿದ್ದು.

ನಾನು ಅಡ್ಡ ನಿಂತು ಕೂಗಾಡಿದೆ. ಅಕ್ಕಪಕ್ಕದವರು ಸೇರಿದರು. ಸುದ್ದಿ ತಿಳಿದು ಪಂಚಾಯ್ತಿ ಅಧ್ಯಕ್ಷರೂ ಬಂದರು.

"ನಿಮ್ಮನೆ ನೀರಿಗೆ ಹಿಂಗೆ ಸುರೀತೀರಾ?" ಎಂದೆ.

"ಏನ್ ಮಾಡ್ಲಿ ಅಕ್ಕ? ಟ್ರ್ಯಾಕ್ಟರ್ ಕೊಟ್ರು, ಸುರಿಯಕ್ಕೆ ಜಾಗ ಕೊಟ್ಟಿಲ್ಲ. ತಾಲ್ಲೂಕು ಕಚೇರೀಲಿ ಕೇಳಿ ಕೇಳಿ ಸಾಕಾಯ್ತು" ಎಂದು ಅವರೂ ರೇಗಿದರು.

"ಹಂಗಾದ್ರೆ ಜಾಗ ಕೊಡದವ್ರ ಬಾಗ್ಲಿಗೆ ತಗೊಂಡು ಹೋಗಿ!"

ಅಧ್ಯಕ್ಷರು ಬಿದ್ದ ಕಸವನ್ನೆಲ್ಲ ಮತ್ತೆ ತುಂಬಿಸಿ, ತಾವೇ ಟ್ರ್ಯಾಕ್ಟರ್ ಹತ್ತಿ, ತಾಲ್ಲೂಕು ಕಚೇರಿಯ ಗೇಟಿಗೆ ಅಡ್ಡ ನಿಲ್ಲಿಸಿಬಿಟ್ಟರು. ನಾವು ಜೀಪಿನಲ್ಲಿ ಹಿಂಬಾಲಿಸಿದೆವು. ಮೂಗು ಮುಚ್ಚಿಕೊಂಡು ಹೊರಬಂದ ಸಾಹೇಬರು, "ಜಾಗದ್ದು ಆಮೇಲೆ ನೋಡೋಣ, ಮೊದ್ಲು ಇದನ್ನ ತೆಗೀರಿ" ಎಂದರು. ಎಲ್ಲಿಗೆ ಒಯ್ಯಬೇಕೆಂದು ಹೇಳಲೇ ಇಲ್ಲ.

ಆಮೇಲೆ ನಮ್ಮ ಹಳ್ಳಕ್ಕೆ ಕಸ ಬೀಳಲಿಲ್ಲ. ಜಾಗವೂ ಸಿಗಲಿಲ್ಲ. ಆದರೂ ಟ್ರ್ಯಾಕ್ಟರ್ ತುಂಬಿಕೊಂಡು ಹೋಗಿ ಖಾಲಿಯಾಗಿ ಬರುತ್ತಿತ್ತು. ಅದನ್ನು ಕಂಡಾಗಲೆಲ್ಲ, ಇನ್ಯಾರ ಹಳ್ಳಕ್ಕೆ ಸುರಿದು ಬಂತೋ ಎಂದು ನನ್ನ ಮೈ ಉರಿಯುತ್ತಿತ್ತು.