ಕೊರಳಲ್ಲಿ ಹಸಿರು ಪಟ್ಟಿ ಇದ್ದ ಹೆಬ್ಬಾತು

೨೦೦೯ರ ಜನವರಿಯಲ್ಲಿ, ತಿ. ನರಸೀಪುರ ತಾಲ್ಲೂಕಿನಲ್ಲಿರುವ ದೊಡ್ಡಮ್ಮನ ಊರಿನ ಕೆರೆಗೆ, ಕೊರಳಲ್ಲಿ ಹಸಿರು ಪಟ್ಟಿ ಇದ್ದ ಒಂದು ಹೆಬ್ಬಾತು ಹಿಂಡಿನ ಜೊತೆ ಬಂದಿಳಿಯಿತು. ಅದು ದೊಡ್ಡಮ್ಮನ ಕಡಲೆ ಹೊಲದಲ್ಲಿ ಮೇಯುತ್ತಿದ್ದುದನ್ನು ನಾನು ನೋಡಿದೆ.

ಆ ಊರಲ್ಲಿ ಕೆರೆಯ ನೀರು ಹಿಂದೆ ಸರಿದಂತೆ ತೇವದ ಅಂಗಳಕ್ಕೆ ಕಡಲೆ ಬಿತ್ತುವುದು ರೂಢಿ. ನೀರಿಗೆ ತೀರಾ ಹತ್ತಿರದ ತುಂಡು ದೊಡ್ಡಮ್ಮನದು. ಆ ವರ್ಷ ಅವರು ಬೇರೆಲ್ಲೂ ಕಡಲೆ ಹಾಕಿರಲಿಲ್ಲ. ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲವೂ ಬರುತ್ತಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಊರವರ ಬಾಯಲ್ಲಿ ಬರೀ ‘ಬಾತು’. ಡಬ್ಬ ಬಡಿದರೆ ಎದ್ದು ನೀರಿಗಿಳಿದು ಮತ್ತೆ ಬರುತ್ತಿದ್ದವು. ತೊಂಬತ್ತರ ದಶಕದ ರಜೆಗಳಲ್ಲಿ ನಾನೂ ಡಬ್ಬ ಬಡಿದಿದ್ದೆ.

೨೦೦೯ರಲ್ಲಿ ನಾನು ಮೈಸೂರಿನ ಪತ್ರಿಕೆಯೊಂದರ ವರದಿಗಾರ. ನಂಜನಗೂಡಿನ ಕೆಲಸ ಮುಗಿಸಿ ಶನಿವಾರ ಬಸ್ಸು ಹಿಡಿದು ಹೋಗಿದ್ದೆ. ಮರುದಿನ ಬೆಳಿಗ್ಗೆ ಹೊಲದ ಬಳಿ ದೊಡ್ಡಮ್ಮನ ಮೈದುನ ದೀಪಾವಳಿಯಲ್ಲಿ ಉಳಿದ ಪಟಾಕಿ ಸರ ಹಿಡಿದು ನಿಂತಿದ್ದರು. ಪಕ್ಕದ ತುಂಡು ಅವರದು.

“ಅತ್ಗೆ, ಅಚ್ಲಾ? ಒಂದ್ ಸರ ಒಡುದ್ರೆ ಇನ್ನ್ ಈ ಕಡೀಕೆ ತಲೆ ಆಕಲ್ಲ.”

“ತಡ್ಕೊ. ಅದ್ರ ಕೊರಳ್ ನೋಡು, ಪಟ್ಟಿ ಕಟ್ಟವ್ರೆ. ಯಾರೋ ಸಾಕಿರದು ಕಣಯ್ಯ.”

“ಸಾಕಿದ್ರೆ? ನಿಮ್ ಕಡ್ಲೆ ತಿನ್ಲಿ ಅಂತ ಬುಟ್ಟವ್ರಾ?”

“ಅದ್ಕೇ ಯೋಳದು. ಓಡ್ಸ್‌ಬುಟ್ರೆ ಆಮೇಕೆ ಯಾರ್ನ ಕೇಳದು?”

ಊರಿನ ನ್ಯಾಯ ಹಾಗಿತ್ತು. ಹೊಲಕ್ಕೆ ನುಗ್ಗಿದ ದನದ ಕೊರಳಲ್ಲಿ ಹಗ್ಗವೋ ಗಂಟೆಯೋ ಇದ್ದರೆ ಹೊಡೆದು ಓಡಿಸುವಂತಿಲ್ಲ. ಹಿಡಿದು ದೊಡ್ಡಿಗೆ ಕೂಡಬೇಕು. ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಬಾತನ್ನು ಹಿಡಿಯುವುದು ಆಗದ ಮಾತು. ಒಡೆಯನನ್ನು ಹುಡುಕುವ ಕೆಲಸ ನನಗೆ ಬಂತು.

“ಪೇಪರ್‌ನೋನು ನೀನು. ಯಾರ್ ಮನೇದು ಅಂತ ಪತ್ತೆ ಮಾಡು ಮಗ. ತಲಕಾಡ್ ಕಡೆಯೋರ್ದೇ ಇರ್ಬೇಕು. ಅಲ್ಲೀಗಂಟ ಪಟಾಕಿ ಬ್ಯಾಡ.”

ಮೈದುನ ಸರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡರು. “ಆಗ್ಲಿ. ಒಡೆಯ ಬರೋ ಒತ್ಗೆ ಬೇರಾದ್ರೂ ಉಳ್ದಿರ್ತವೆ, ಅವುನ್ನೇ ತೋರ್ಸಿ.”

ಪಟ್ಟಿಯ ಮೇಲಿನ ಬಿಳಿ ಅಕ್ಷರ, ಅಂಕಿಗಳನ್ನು ಮೈಸೂರಿನ ಹಕ್ಕಿ ವೀಕ್ಷಕರೊಬ್ಬರಿಗೆ ಕೊಟ್ಟೆ. ಅವರು ಹೊರದೇಶದ ಸಂಶೋಧಕರನ್ನು ವಿಚಾರಿಸಿದರು. ಮುಂದಿನ ಭಾನುವಾರ ನಾನು ಹೊಲದಲ್ಲಿದ್ದಾಗಲೇ ಅವರ ಫೋನ್ ಬಂತು. ಕೇಳಿದ್ದನ್ನು ಕೇಳಿದ ಹಾಗೆ ದೊಡ್ಡಮ್ಮನಿಗೆ ಹೇಳಿದೆ. ಪಟ್ಟಿ ಕಟ್ಟಿದ್ದು ಮಂಗೋಲಿಯಾ ದೇಶದ ಒಂದು ಸರೋವರದ ದಡದಲ್ಲಿ. ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲವೆಂದು ರಾಮ್ಸಾರ್ ಒಪ್ಪಂದದಡಿ ಗುರುತಿಸಿ ಕಾಪಾಡುವ ನೀರು ಅದು. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಹಕ್ಕಿ ಹಿಮಾಲಯ ದಾಟಿ ಬಂದಿದೆ. ಸಾಕಿದವರು ಯಾರೂ ಇಲ್ಲ.

ದೊಡ್ಡಮ್ಮ ಕೈಯಲ್ಲಿದ್ದ ಕುಡುಗೋಲನ್ನು ಬದುವಿನ ಮೇಲಿಟ್ಟರು.

“ಇಮಾಲಯ ಅಂದ್ರೆ, ಕ್ಯಾಲೆಂಡರ್‌ನಲ್ಲಿ ಸಿವ ಕೂತಿರ್ತಾನಲ್ಲ, ಅದಾ?”

“ಅದೇ ದೊಡ್ಡಮ್ಮ.”

“ಅದ್ರ ಮ್ಯಾಲಿಂದ್ಲೇ?”

“ಮೇಲಿಂದ್ಲೇ.”

“ನಮ್ ಕೆರೇನೂ ಅಂಗೆ ಗುರ್ತು ಮಾಡವ್ರಾ?”

“ಇಲ್ಲ. ಕರ್ನಾಟಕದ್ದು ಯಾವುದೂ ಇಲ್ಲ.”

“ಮತ್ತೆ ಇದ್ಕೆ ಈ ಕೆರೆ ದಾರಿ ತೋರ್ಸ್‌ದೋರ್ ಯಾರು?”



ಅಷ್ಟರಲ್ಲಿ ಹಿಂಡು ಎದ್ದಿತು. ಮೊದಲು ಒಂದು ಅಂಚು, ಆಮೇಲೆ ಇಡೀ ಹೊಲವೇ ಎದ್ದಂತೆ. ರೆಕ್ಕೆಯ ಗಾಳಿಗೆ ಕಡಲೆ ಗಿಡಗಳು ಬಾಗಿದವು. ಕೂಗಿಗೆ ಏರಿಯ ಮೇಲಿನ ಎಮ್ಮೆಗಳು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿದವು. ಹಕ್ಕಿಗಳು ನಮ್ಮ ಮೇಲೆ ಒಂದು ಸುತ್ತು ಹಾಕುವಾಗ ಹಸಿರು ಪಟ್ಟಿ ಬಿಸಿಲಿಗೆ ಕಾಣಿಸಿತು. ಮತ್ತೆ ಬಂದು ನೀರಿನ ಬದಿಯ ಸಾಲುಗಳಲ್ಲಿ ಇಳಿದವು. ಯಾರೂ ಡಬ್ಬ ಬಡಿಯಲಿಲ್ಲ.

“ಏನತ್ಗೆ, ದಂಡ ಕಟ್ಟಕ್ಕೆ ಒಡೆಯ ಬಂದ್ನಾ?” ಮೈದುನ ಬದುವಿನಾಚೆಯಿಂದ ಕೇಳಿದರು.

“ಒಡೆಯ ಇಲ್ವಂತೆ.”

“ಅಂಗಾರೆ ಅಚ್ಲಾ?”

ದೊಡ್ಡಮ್ಮ ಹಕ್ಕಿಗಳ ಕಡೆಯೇ ನೋಡುತ್ತಿದ್ದರು. “ಬ್ಯಾಡ. ಕಾಯಿ ಕಚ್ಚಿರೋವಷ್ಟ ಕಿತ್ಕಳಣ, ಬಾ.”

ಅಂದೇ ಮೇಲಿನ ಸಾಲುಗಳ ಗಿಡ ಕಿತ್ತು ಕಟ್ಟು ಕಟ್ಟಿದೆವು. ಅವು ಹಸಿ ಕಡಲೆಯಾಗಿ ನರಸೀಪುರದ ಬಸ್ ನಿಲ್ದಾಣದಲ್ಲಿ ಮಾರಾಟವಾದವು. ನೀರಿನ ಬದಿಯ ಸಾಲುಗಳನ್ನು ಮುಟ್ಟಲಿಲ್ಲ. ಆ ವರ್ಷ ದೊಡ್ಡಮ್ಮನ ಮನೆಗೆ ಒಣ ಕಡಲೆ ಬರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಹಿಂಡು ಅದೇ ಕೆರೆಗೆ ಬಂತು. ನೀರಿನ ಬದಿಗೆ ದೊಡ್ಡಮ್ಮ ಮತ್ತೆ ಕಡಲೆ ಬಿತ್ತಿದ್ದರು. ಪಟ್ಟಿಯ ಹಕ್ಕಿ ಹಿಂಡಿನಲ್ಲಿ ಕಾಣಲಿಲ್ಲ.