ಎದುರುಮನೆ ಹಾಸ್ಟೆಲು

ಎದುರುಮನೆ ದೊಡ್ಡಮ್ಮನ ನರೆತ ತಲೆಯಲ್ಲಿ ಯಾವಾಗಲೂ ಒಂದೆರಡು ರೇಷ್ಮೆ ಎಳೆ ಸಿಕ್ಕಿಕೊಂಡಿರುತ್ತಿತ್ತು. ಹಸಿರು ಕಂಡರೆ ಮಗ್ಗದ ಮೇಲೆ ಹಸಿರು ಸೀರೆ, ಕೆಂಪು ಕಂಡರೆ ಕೆಂಪು. ಮೊಳಕಾಲ್ಮುರಿನ ನಮ್ಮ ಬೀದಿಗೆಲ್ಲ ಅಷ್ಟು ಸುದ್ದಿ ಸಾಕಾಗುತ್ತಿತ್ತು. ಅವರ ಮನೆಮಾತು ತೆಲುಗು. ಬೈಯುವುದಕ್ಕೆ ಮಾತ್ರ ಕನ್ನಡ. ಸಲುಗೆ ಇದ್ದವರನ್ನೇ ಬೈಯುತ್ತಿದ್ದುದರಿಂದ ನನಗೆ ದಿನಾ ಸಿಗುತ್ತಿತ್ತು.

ಮಗಳಿಗೆ ದಾವಣಗೆರೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದಾಗ ನಾನು ಒಪ್ಪಲಿಲ್ಲ. ಚಳ್ಳಕೆರೆಯಲ್ಲೇ ಬಿ.ಎ. ಓದಲಿ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಎಂದೆ. ಯಜಮಾನರು ‘ನಿನ್ನಿಷ್ಟ’ ಎಂದುಬಿಟ್ಟರು. ಮಗಳು ನನ್ನೊಂದಿಗೆ ಮಾತು ಬಿಟ್ಟಳು. ದೊಡ್ಡಮ್ಮನ ಹತ್ತಿರ ಹೋಗಿ ಗೋಳಾಡಿದೆ.

“ಅವ್ಳಿಗೆ ಜಡೆ ಹಾಕ್ಕೊಳ್ಳೋಕೂ ಬರಲ್ಲ ದೊಡ್ಡಮ್ಮ. ಹಾಸ್ಟೆಲ್‌ನಾಗೆ ಹೆಂಗಿರ್ತಾಳೆ?”

ಲಾಳಿ ನಿಲ್ಲಿಸದೆ ಅಂದರು: “ಒಂದ್ ವಾರ ನಮ್ಮನೇಲಿ ಬಿಡು. ಇದೇ ಹಾಸ್ಟೆಲ್, ನಾನೇ ವಾರ್ಡನ್. ನೀನು ಹೊಸ್ತಿಲು ತುಳೀಬಾರ್ದು, ಅಷ್ಟೇ.”

ಮಗಳು ಚೀಲ ತುಂಬಿಕೊಂಡು ಬೀದಿ ದಾಟಿದಳು. ಅಲ್ಲಿ ಕೋಳಿ ಕೂಗುವ ಹೊತ್ತಿಗೆ ಏಳಬೇಕು, ತನ್ನ ಬಟ್ಟೆ ತಾನೇ ಒಗೆಯಬೇಕು, ತಟ್ಟೆಗೆ ಬಿದ್ದದ್ದು ತಿನ್ನಬೇಕು. ಮಾರನೇ ದಿನವೇ ನಾನು ಶೇಂಗಾ ಹೋಳಿಗೆ ಡಬ್ಬಿ ಹಿಡಿದು ಅವರ ಬಾಗಿಲಿಗೆ ಹೋದೆ.

“ಏನೇ, ವಿಸಿಟಿಂಗು ಭಾನುವಾರ!”

“ಡಬ್ಬಿ ಕೊಟ್ಟು ಹೋಗ್ತೀನಿ ದೊಡ್ಡಮ್ಮ.”

“ಇಟ್ಟು ಹೋಗು. ವಾರ್ಡನ್ ತಿಂತಾಳೆ.”

ಒಳಗಿನಿಂದ ಮಗಳು ಕಿಸಕ್ಕನೆ ನಕ್ಕಳು. ಆ ನಗು ಕೇಳಿ ಎಷ್ಟೋ ದಿನವಾಗಿತ್ತು. ಆಮೇಲೂ ನೆಪ ಹುಡುಕಿದೆ. ಹಾಲಿಗೆ ಹೆಪ್ಪು ಬೇಕೆಂದು ಹೋದರೆ ಕಿಟಕಿಯಲ್ಲೇ ಕೊಟ್ಟು ಅಟ್ಟಿದರು.

ವಾರ ಮುಗಿದಾಗ ಮಗಳನ್ನು ಕರೆತಂದು ಎದುರಿಗೆ ನಿಲ್ಲಿಸಿದರು. ಜಡೆ ಸೊಟ್ಟಗಿತ್ತು, ಅವಳೇ ಹಾಕಿಕೊಂಡದ್ದು.

“ಅಮ್ಮಾಯಿ ಪಾಸು. ನೀನು ಫೇಲು. ಇನ್ನೊಂದ್ ವಾರ ಇಟ್ಕೋತೀನಿ, ನೀನು ಕಲೀಬೇಕಲ್ಲ.”

ಆ ವಾರ ಹಲ್ಲುಕಚ್ಚಿಕೊಂಡು ಈಚೆಯೇ ಉಳಿದೆ. ಭಾನುವಾರ ನಾನೇ ಯಜಮಾನರಿಗೆ, ದಾವಣಗೆರೆಗೇ ಸೇರಿಸೋಣ ಎಂದೆ.

ದೊಡ್ಡಮ್ಮ ತೀರಿಕೊಂಡು ವರ್ಷವಾಗುತ್ತ ಬಂತು. ಮಗಳ ನರ್ಸಿಂಗ್ ಕೊನೆಯ ವರ್ಷಕ್ಕೆ ಬಂದಿದೆ. ಅವರನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಅವಳನ್ನು ಬಸ್ಸು ಹತ್ತಿಸಿದ ಬೆಳಿಗ್ಗೆ. ಮಗಳು ಅಳಲಿಲ್ಲ, ನಾನೂ ಅಳಲಿಲ್ಲ. ವಾರ್ಡನ್ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು.

“ಇದೇನು ದೊಡ್ಡಮ್ಮ, ನೀವೇ ಹಿಂಗೆ?”

“ನಿಮ್ಮಿಬ್ರಿಗೂ ನಾನು ಕಲ್ಸಿದೆ ಕಣೇ. ನಂಗ್ಯಾರು ಕಲ್ಸಿದ್ರು?”

ಅಳುತ್ತಲೇ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ಕೈಹಿಡಿದು ನಮ್ಮನೆಗೆ ಕರೆತಂದು, ಮಗಳ ಪಾಲಿನ ರೊಟ್ಟಿಯನ್ನು ಅವರ ತಟ್ಟೆಗೆ ಹಾಕಿದೆ.