ಗ್ಯಾಲರಿ ಖಾಲಿ ಮಾಡಿಸಿದವರು

ಅವರ ಬಲಗೈಯ ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಯಂತ್ರಕ್ಕೆ ಸಿಕ್ಕಿದ್ದಂತೆ. ನಿವೃತ್ತರಾಗಿ ದಾವಣಗೆರೆಯ ನಿಟ್ಟುವಳ್ಳಿಗೆ ಬಂದ ಮೇಲೆ ಎರಡೂ ಊರಿನ ಹುಡುಗರನ್ನು ಸೇರಿಸಿ ನಮ್ಮ ಫುಟ್‌ಬಾಲ್ ಕ್ಲಬ್ ಕಟ್ಟಿದರು. ಹೆಸರಿಗೆ ಕಾರ್ಯದರ್ಶಿ, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದೂ ಅವರೇ, ನಮ್ಮ ಬೂಟುಗಳನ್ನು ತಿರುಗಿಸಿ ಅಡಿಯ ಮೊಳೆ ಬಿಗಿಯಿವೆಯೇ ಎಂದು ನೋಡುವುದೂ ಅವರೇ. “ಬಿಗಿ ಐತೆ ಅಂತ ಬಾಯಾಗ ಹೇಳಬ್ಯಾಡ, ತೋರ್ಸು” ಎನ್ನುತ್ತಿದ್ದರು. ನಾನು ಗೋಲ್‌ಕೀಪರ್, ತಂಡದ ನಾಯಕ.

ರಾಷ್ಟ್ರೀಯ ಲೀಗಿನ ಕೆಳದರ್ಜೆಗೆ ಹೊಸ ಕ್ಲಬ್‌ಗಳನ್ನು ತೆಗೆದುಕೊಳ್ಳುತ್ತಿದ್ದ ವರ್ಷ ಅದು. ಗ್ಯಾಲರಿ ಇರಲೇಬೇಕೆಂಬ ನಿಯಮ. ಕ್ಲಬ್ಬಿನ ಅಧ್ಯಕ್ಷರು ತಮ್ಮ ಭಾಮೈದನಿಂದ ಹರಿಹರದ ಮೈದಾನದಲ್ಲಿ ಕಬ್ಬಿಣದ ಪೈಪು, ಹಲಗೆಗಳ ಗ್ಯಾಲರಿ ಹಾಕಿಸಿದರು. ಲೀಗಿನ ಪರಿಶೀಲಕರು ಬಂದ ದಿನ ಅದು ತುಂಬಿಹೋಗಿತ್ತು. ಮೇಲಿನ ಸಾಲಿನಲ್ಲಿ ನನ್ನ ಅಕ್ಕ, ಅವಳ ಮಡಿಲಲ್ಲಿ ಮಗಳು.

ಪಂದ್ಯಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಾರ್ಯದರ್ಶಿಗಳು ನನ್ನನ್ನು ಗ್ಯಾಲರಿಯ ಅಡಿಗೆ ಕರೆದರು.

“ಕೈ ಇಡು.”

ಮೇಲೆ ಜನ ಕಾಲು ಬಡಿದಾಗಲೆಲ್ಲ ಪೈಪು ಅಂಗೈಯಡಿ ಸರಿಯುತ್ತಿತ್ತು. ಪೈಪುಗಳನ್ನು ಬಿಗಿದು ಹಿಡಿಯಬೇಕಾದ ಕ್ಲಾಂಪೊಂದು ಬಾಯಿ ಬಿಟ್ಟಿತ್ತು.

“ಅಕ್ಕ ಮ್ಯಾಲೆ ಕುಂತಾಳ್ರಿ ಸರ್. ಕೂಗ್ತೀನಿ.”

“ಕೂಗಬ್ಯಾಡ. ಒಬ್ರು ಓಡಿದ್ರೆ ಎಲ್ರೂ ಓಡ್ತಾರೆ, ಅಲ್ಲಿಗೆ ಕುಸೀತೈತೆ. ನಿನ್ನ ಹುಡುಗ್ರನ್ನ ಕರ್ಕಂಡು ಆಚೆ ಗೇಟಿನಾಗ ನಿಲ್ಲು. ನಗ್ತಾ ನಿಲ್ಲು.”

ಮೈಕಿನಲ್ಲಿ ಅವರ ದನಿ ಮದುವೆಮನೆಯಲ್ಲಿ ಊಟಕ್ಕೆ ಎಬ್ಬಿಸುವವರ ಹಾಗಿತ್ತು. “ಆಟಗಾರ್ರ ಕೈ ಕುಲುಕೋರು ಆಚೆ ಗೇಟಿಗೆ ಬರ್ರಿ. ಮುಂದಿನ ಸಾಲಿನವ್ರು ಮೊದ್ಲು. ನಿಧಾನಕ್ಕೆ ಬರ್ರಿ, ಎಲ್ರಿಗೂ ಸಿಗ್ತಾರೆ.”

ಸಾಲು ಸಾಲಾಗಿ ಇಳಿದರು. ಯಾರ್ಯಾರದೋ ಕೈ ಕುಲುಕುತ್ತ ನಾನು ಮೇಲಿನ ಸಾಲನ್ನೇ ನೋಡುತ್ತಿದ್ದೆ. ಅಕ್ಕ ಎದ್ದಳು. ಮತ್ತೆ ಕುಳಿತು ಮಗುವಿನ ಚಪ್ಪಲಿ ಹುಡುಕತೊಡಗಿದಳು. ಎಲ್ಲರೂ ಇಳಿದ ಮೇಲೆ ಅವಳು ನೆಲ ಮುಟ್ಟಿದಳು.

ಮತ್ತೆ ಯಾರನ್ನೂ ಅವರು ಹತ್ತಲು ಬಿಡಲಿಲ್ಲ. ಗ್ಯಾಲರಿ ನಂಬುವಂತಿಲ್ಲವೆಂದು ಪರಿಶೀಲಕರಿಗೂ ತಾವೇ ಹೇಳಿದರು. ಜನ ನಿಂತೇ ಪಂದ್ಯ ನೋಡಿದರು. ಗ್ಯಾಲರಿ ಬೀಳಲಿಲ್ಲ. ಮರುದಿನ ಬೆಳಿಗ್ಗೆಯೇ ಭಾಮೈದ ಅದನ್ನು ಬಿಚ್ಚಿ ಲಾರಿಗೆ ತುಂಬಿಸಿದ. ಆ ವರ್ಷ ನಮಗೆ ಲೀಗಿನಲ್ಲಿ ಜಾಗ ಸಿಗಲಿಲ್ಲ.

“ಇವ್ರ ಪುಕ್ಕಲುತನಕ್ಕೆ ಕ್ಲಬ್ ಹಾಳಾತು,” ಎಂದರು ಅಧ್ಯಕ್ಷರು ಸಭೆಯಲ್ಲಿ. “ಕ್ಲಾಂಪ್ ಬಿಟ್ಟಿದ್ದು ಯಾರು ನೋಡೀರಿ?”

ನಾನು ನೋಡಿದ್ದೆ. ಹೇಳಿದರೆ ತಂಡದಲ್ಲಿ ನನ್ನ ಜಾಗ ಹೋಗುತ್ತದೆ ಎಂದು ಹೆದರಿ ತಲೆ ತಗ್ಗಿಸಿದೆ. ಕಾರ್ಯದರ್ಶಿಗಳು ನನ್ನತ್ತ ಒಮ್ಮೆ ನೋಡಿದರು. “ನಾನೊಬ್ನೇ ನೋಡಿದ್ದು” ಎಂದು ಎದ್ದು ಹೋದರು.

ಮುಂದಿನ ವರ್ಷ ಬೇರೆ ಗ್ಯಾಲರಿ ಹಾಕಿಸಿ ಕ್ಲಬ್ ಲೀಗಿಗೆ ಸೇರಿತು. ನಾನು ಮೂರು ಸೀಸನ್ ಆಡಿದೆ. ಅವರು ಒಂದು ಪಂದ್ಯಕ್ಕೂ ಬರಲಿಲ್ಲ. ಅವರ ಮನೆಗೆ ಹೋಗುವ ಧೈರ್ಯ ನನಗೆ ಆಗಲಿಲ್ಲ.

ಹೋದ ತಿಂಗಳು ತೀರಿಕೊಂಡರು. ಅಂದು ಅವರ ಮನೆಯ ಮುಂದೆ, ಸೇರಿದ್ದ ಜನರೆದುರು, ಕ್ಲಾಂಪ್ ಬಾಯಿ ಬಿಟ್ಟಿದ್ದನ್ನು ನಾನೂ ನೋಡಿದ್ದೆ ಎಂದು ಅವರ ಹೆಂಡತಿಗೆ ಹೇಳಿದೆ.

“ಗೊತ್ತೈತಪ್ಪ,” ಎಂದರು ಆಕೆ. “‘ಆ ಹುಡುಗ ಬಾಳ ಹೆದ್ರಿದ್ದ, ಬಂದ್ರೆ ಬೈಬ್ಯಾಡ’ ಅಂತ ಹೇಳಿದ್ರು.”